ಲಿವಿಂಗ್ ವಿಲ್: ಬರೆಸುವುದರಿಂದ ವೆಂಟಿಲೇಟರ್ ತೆಗೆಯುವವರೆಗೆ

ಲಿವಿಂಗ್ ವಿಲ್ ಎಂದರೆ ಮುಂದೆ ಅರಿವು ತಪ್ಪಿದಾಗ ತನಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ. ಅದನ್ನು ಬರೆಸಬೇಕೆಂದು ಬರುವವರು ಮೊದಲು ಕೇಳುವುದು ಫಾರಂ ಎಲ್ಲಿ ಸಿಗುತ್ತೆ ಅಂತ. ಇದಕ್ಕೆ ಕಡ್ಡಾಯವಾದ ಫಾರಂ ಇಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಕೈಯಲ್ಲೇ ಬರೆದರೂ ನಡೆಯುತ್ತದೆ. ಅದರಲ್ಲಿ ಏನೇನು ಇರಬೇಕು, ಯಾರ ಸಹಿ ಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹೂಡಿದ ಪ್ರಕರಣದ ತೀರ್ಪಿನಲ್ಲಿ ಹೇಳಿತು. ಆಗಿನ ಕ್ರಮದಲ್ಲಿ ಮ್ಯಾಜಿಸ್ಟ್ರೇಟರೇ ಪತ್ರಕ್ಕೆ ಮೇಲುಸಹಿ ಹಾಕಬೇಕಿತ್ತು, ಜಿಲ್ಲಾಧಿಕಾರಿ ಒಂದು ವೈದ್ಯರ ಮಂಡಳಿ ರಚಿಸಬೇಕಿತ್ತು, ಅದರಲ್ಲಿ ಇಪ್ಪತ್ತು ವರ್ಷ ಅನುಭವವಿರುವ ವೈದ್ಯರೇ ಇರಬೇಕಿತ್ತು. ಹೀಗಾಗಿ ಹಕ್ಕು ಇದ್ದೂ ಇಲ್ಲದಂತೆ ಆಗಿತ್ತು. ಐಸಿಯು ವೈದ್ಯರ ಸಂಘ ಮತ್ತೆ ಕೋರ್ಟಿಗೆ ಹೋದ ಮೇಲೆ 2023ರ ಜನವರಿ 24ರಂದು ಕ್ರಮ ಸಡಿಲವಾಯಿತು. ಅದನ್ನು ನಮ್ಮಲ್ಲಿ ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಸುತ್ತೋಲೆ ಬಂದಾಗ 'ರಾಜ್ಯದಲ್ಲಿ ದಯಾಮರಣಕ್ಕೆ ಅಸ್ತು' ಎಂಬ ಧಾಟಿಯ ಮಾತು ಎಲ್ಲ ಕಡೆ ಓಡಾಡಿತು. ಆಸ್ಪತ್ರೆಗೆ ಬಂದು 'ಅಜ್ಜಿಗೆ ಆ ಇಂಜೆಕ್ಷನ್ ಕೊಡ್ತೀರಾ' ಎಂದು ಕೇಳುವವರು ಈಗಲೂ ಇದ್ದಾರೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇವತ್ತಿಗೂ ಅಪರಾಧವೇ. ಇಲ್ಲಿ ಆಗುವುದು ಇಷ್ಟೇ: ಗುಣವಾಗದ ಕಾಯಿಲೆಯ ಕೊನೆಯ ಹಂತದಲ್ಲಿ ಸಾವನ್ನು ಬರೀ ಮುಂದೂಡುತ್ತಿರುವ ಚಿಕಿತ್ಸೆಯನ್ನು ಶುರು ಮಾಡದಿರುವುದು, ಅಥವಾ ಶುರು ಮಾಡಿದ್ದನ್ನು ನಿಲ್ಲಿಸುವುದು. ಈ ಚರ್ಚೆಗೆಲ್ಲ ಮೂಲವಾದ ಪ್ರಕರಣ ನಮ್ಮ ಕಡೆಯವರದೇ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರಿನಲ್ಲಿ ಅವರ ಮೇಲೆ ಹಲ್ಲೆಯಾಯಿತು. ಅಲ್ಲಿಂದ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅರಿವಿಲ್ಲದೆ ಮಲಗಿದ್ದರು. ಸುಪ್ರೀಂ ಕೋರ್ಟಿನ 2011ರ ಮಾರ್ಚ್ 7ರ ತೀರ್ಪು ಅವರ ವಿಷಯದಲ್ಲಿ ಚಿಕಿತ್ಸೆ ನಿಲ್ಲಿಸಲು ಒಪ್ಪಲಿಲ್ಲ. ಆದರೆ ಇಂಥ ಸ್ಥಿತಿಯಲ್ಲಿ ಹೈಕೋರ್ಟಿನ ಅನುಮತಿ ಪಡೆದು ನಿಲ್ಲಿಸಬಹುದು ಎಂಬ ದಾರಿಯನ್ನು ಮೊದಲ ಬಾರಿಗೆ ತೆರೆದದ್ದು ಅದೇ ತೀರ್ಪು.

ಇನ್ನು ಪತ್ರದ ವಿಷಯ. ಬರೆಯುವವರು ವಯಸ್ಕರಾಗಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಯಾರ ಒತ್ತಾಯವೂ ಇರಬಾರದು. ಯಾವ ಪರಿಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದು ಸ್ಪಷ್ಟವಾಗಿರಬೇಕು. ತಮಗೆ ಅರಿವು ತಪ್ಪಿದಾಗ ತಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು ಇರಬೇಕು. ಇದರ ಪರಿಣಾಮ ಏನೆಂದು ತಿಳಿದೇ ಬರೆದಿದ್ದೇನೆ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬ ಮಾತೂ ಬೇಕು. ಎರಡು ಪತ್ರ ಬರೆದಿದ್ದರೆ ಕೊನೆಯಲ್ಲಿ ಸಹಿ ಮಾಡಿದ್ದೇ ಲೆಕ್ಕ. ಆದ್ದರಿಂದ ದಿನಾಂಕ ಮರೆಯಬಾರದು.

ಎಡವುವುದು 'ಏನು ಬೇಡ' ಎಂದು ಬರೆಯುವ ಕಡೆ. 'ನನಗೆ ಯಾವ ಟ್ಯೂಬೂ ಹಾಕಬೇಡಿ' ಎಂದು ಬರೆದು ತರುತ್ತಾರೆ. ಮೂತ್ರದ ಟ್ಯೂಬೂ ಟ್ಯೂಬೇ, ಮೂಗಿಗಿಡುವ ಆಕ್ಸಿಜನ್ನಿನ ಕೊಳವೆಯೂ ಟ್ಯೂಬೇ. ಕೊನೆಗಾಲದಲ್ಲಿ ಮೂತ್ರ ಕಟ್ಟಿ ಹೊಟ್ಟೆ ಉಬ್ಬಿದವರಿಗೆ ಆ ಟ್ಯೂಬ್ ಕೊಡುವಷ್ಟು ನೆಮ್ಮದಿ ಬೇರಾವುದೂ ಕೊಡುವುದಿಲ್ಲ. 'ಐಸಿಯು ಬೇಡ' ಎಂಬುದೂ ಹಾಗೆಯೇ. ಎಪ್ಪತ್ತು ವರ್ಷದವರಿಗೆ ನ್ಯುಮೋನಿಯಾ ಬಂದು ನಾಲ್ಕು ದಿನ ಉಸಿರಿನ ಆಸರೆ ಸಿಕ್ಕರೆ ನಡೆದುಕೊಂಡೇ ಮನೆಗೆ ಹೋಗಬಹುದು. ಹೀಗಾಗಿ ನಾವು ಬರೆಸುವ ವಾಕ್ಯ ಸ್ವಲ್ಪ ಉದ್ದ (ಅದರಲ್ಲಿ ಬರುವ ಎರಡು ಮಂಡಳಿಗಳ ವಿವರ ಮುಂದಿದೆ): 'ನನ್ನ ಕಾಯಿಲೆ ಗುಣವಾಗುವುದಿಲ್ಲ, ಕೊನೆಯ ಹಂತದಲ್ಲಿದೆ ಎಂದು ಎರಡೂ ವೈದ್ಯಕೀಯ ಮಂಡಳಿಗಳು ಬರೆದುಕೊಟ್ಟಾಗ, ಮತ್ತು ನಾನೇ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದಾಗ, ಎದೆ ಒತ್ತಿ ಹೃದಯ ಮತ್ತೆ ನಡೆಸುವುದು, ವೆಂಟಿಲೇಟರ್, ಡಯಾಲಿಸಿಸ್, ಬಿಪಿ ಏರಿಸುವ ಔಷಧಿಗಳ ಡ್ರಿಪ್ ಬೇಡ. ಶುರು ಮಾಡಿದ್ದರೆ ನಿಲ್ಲಿಸಿ. ನೋವು, ಉಸಿರುಗಟ್ಟುವಿಕೆ, ವಾಂತಿ, ಗಾಬರಿಗೆ ಕೊಡುವ ಔಷಧಿ ಮತ್ತು ಶುಶ್ರೂಷೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ.' ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ಬಗ್ಗೆ ಬೇರೆ ಸಾಲು ಬರೆಸುತ್ತೇವೆ, ಏಕೆಂದರೆ ಮನೆಯವರ ಜಗಳ ಹತ್ತಿಕೊಳ್ಳುವುದು ಅಲ್ಲೇ. 'ಹಸಿದುಕೊಂಡು ಹೋಗಬೇಕೇನ್ರೀ ನಮ್ಮಪ್ಪ' ಎಂದು ಒಬ್ಬರು ಅಂದುಬಿಟ್ಟರೆ ಮಿಕ್ಕವರ ಬಾಯಿ ಕಟ್ಟಿಹೋಗುತ್ತದೆ.

ಒಪ್ಪಿಗೆ ಕೊಡುವವರಾಗಿ ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಇಬ್ಬರಾದರೂ ಇರಲಿ, ಅವರಲ್ಲೊಬ್ಬರು ಅದೇ ಊರಿನಲ್ಲಿರಲಿ. ಮಕ್ಕಳೆಲ್ಲ ನ್ಯೂಜೆರ್ಸಿಯಲ್ಲೋ ದುಬೈನಲ್ಲೋ ಇದ್ದರೆ ಪಕ್ಕದ ಮನೆಯ ನಂಬಿಕಸ್ತರ ಹೆಸರಾದರೂ ಪರವಾಗಿಲ್ಲ, ಆದರೆ ಮಕ್ಕಳಿಗೆ ಈಗಲೇ ಫೋನಿನಲ್ಲಿ ಹೇಳಿ. ಐಸಿಯುಗಳಲ್ಲಿ ಎಲ್ಲರೂ ಬಲ್ಲ ಒಂದು ದೃಶ್ಯವಿದೆ: ವಾರವಿಡೀ ಹಾಸಿಗೆಯ ಪಕ್ಕ ಕೂತ ಮಗಳು ಒಪ್ಪಿರುತ್ತಾಳೆ, ಅಷ್ಟರಲ್ಲಿ ವಿಮಾನ ಇಳಿದು ನೇರ ಆಸ್ಪತ್ರೆಗೆ ಬಂದ ಮಗ 'ಎಷ್ಟು ಖರ್ಚಾದರೂ ಆಗಲಿ, ಎಲ್ಲಾ ಮಾಡಿ' ಎನ್ನುತ್ತಾನೆ. ಪತ್ರದಲ್ಲಿ ಹೆಸರಿರುವವರ ಒಪ್ಪಿಗೆಗೇ ಬೆಲೆ ಎಂದು ನಿಯಮ ಹೇಳಿದರೂ, ಮನೆಯವರು ಜಗಳವಾಡುತ್ತಿರುವಾಗ ಆಸ್ಪತ್ರೆಗಳು ಕೈಕಟ್ಟಿ ಕೂರುತ್ತವೆ.

ಸಹಿಯ ಹೊತ್ತಿಗೆ ಇಬ್ಬರು ಸಾಕ್ಷಿಗಳು ಬೇಕು, ಆದಷ್ಟು ಹೊರಗಿನವರು. ಆಸ್ತಿಯಲ್ಲಿ ಪಾಲಿರುವವರನ್ನು ಸಾಕ್ಷಿ ಮಾಡಬೇಡಿ. ಅವರ ಎದುರು ಸಹಿ ಮಾಡಿದ್ದನ್ನು ನೋಟರಿ ಅಥವಾ ಪತ್ರಾಂಕಿತ ಅಧಿಕಾರಿ ದೃಢೀಕರಿಸಬೇಕು. ತೀರ್ಪಿನಲ್ಲಿ ಛಾಪಾ ಕಾಗದದ ಪ್ರಸ್ತಾಪವೇ ಇಲ್ಲ. ನೋಟರಿಗಳು ಅಭ್ಯಾಸಬಲದಿಂದ ಇ-ಸ್ಟಾಂಪ್ ಕೇಳುತ್ತಾರೆ, ಕೊಟ್ಟರೆ ನಷ್ಟವೇನಿಲ್ಲ. ಖರ್ಚು ಬೇಡವೆಂದರೆ ಪತ್ರಾಂಕಿತ ಅಧಿಕಾರಿಯೇ ಲೇಸು: ಸರ್ಕಾರಿ ಆಸ್ಪತ್ರೆಯ ಕಾಯಂ ವೈದ್ಯಾಧಿಕಾರಿ, ಸರ್ಕಾರಿ ಪಿಯು ಕಾಲೇಜಿನ ಪ್ರಾಂಶುಪಾಲರು, ತಹಶೀಲ್ದಾರರು. ಗುತ್ತಿಗೆ ಮೇಲಿರುವ ವೈದ್ಯರ ಸಹಿ ನಡೆಯದು. ಅಧಿಕಾರಿ ಮಾಡಬೇಕಾದ ಕೆಲಸ ಒಂದೇ, ಬರೆದವರು ಸ್ವಇಚ್ಛೆಯಿಂದ ಬರೆದಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳುವುದು. ಮೆದುಳು ಮರೆವಿನ ಕಾಯಿಲೆಗೆ ತಿರುಗುತ್ತಿರುವವರಾದರೆ, ಅದೇ ದಿನ ವೈದ್ಯರಿಂದ 'ಇವರಿಗೆ ಅರ್ಥಮಾಡಿಕೊಂಡು ನಿರ್ಧರಿಸುವ ಶಕ್ತಿ ಇದೆ' ಎಂಬ ಚೀಟಿ ತಂದು ಲಗತ್ತಿಸಿ. ಓದು ಬರಹ ಬಾರದವರಿಗೂ ಅಡ್ಡಿಯಿಲ್ಲ. ಓದಿ ಹೇಳಿ, ಅರ್ಥವಾಯಿತೆಂದು ಕೇಳಿ, ಎಡಗೈ ಹೆಬ್ಬೆಟ್ಟಿನ ಗುರುತು ಹಾಕಿಸಿ, ಅವರ ಪರವಾಗಿ ಪತ್ರ ಬರೆದುಕೊಟ್ಟವರ ಬಿಕ್ಕಲಂ ಸಹಿ ಕೆಳಗೆ ಹಾಕಿದರೆ ಆಯಿತು. ಕೆಲವು ನೋಟರಿಗಳು ಇದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯ 5ನೇ ಸೆಕ್ಷನ್ನಿನ ಮುಂಗಡ ನಿರ್ದೇಶನದ ಜೊತೆ ಬೆರೆಸುತ್ತಾರೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಸಂಬಂಧಿಸಿದ್ದು, ಅದರ ದಾರಿಯೇ ಬೇರೆ.

ದೃಢೀಕರಣವಾದ ಮೇಲೆ ಪ್ರತಿಗಳು ಹಂಚಿಕೆಯಾಗಬೇಕು. ಹೆಸರಿಸಿದವರಿಗೆ ಒಂದೊಂದು, ಮನೆ ಡಾಕ್ಟರರಿಗೆ ಒಂದು. ಇನ್ನೊಂದು ಸ್ಥಳೀಯ ಸಂಸ್ಥೆಗೆ, ಅಂದರೆ ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆಗೆ. ಅಲ್ಲಿ ಒಬ್ಬ ಅಧಿಕಾರಿಯನ್ನು ಈ ಪತ್ರಗಳ ಪಾಲಕರನ್ನಾಗಿ ನೇಮಿಸಬೇಕೆಂದು ಕೋರ್ಟ್ ಹೇಳಿದೆ. ಪಿಡಿಒ ಮುಂದೆ ಇಟ್ಟರೆ ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ 'ಇದು ನಮಗೆ ಬರಲ್ಲ' ಎನ್ನುವ ಸಾಧ್ಯತೆಯೇ ಜಾಸ್ತಿ. ವಾದ ಬೇಡ. ತೀರ್ಪಿನ ಸಂಬಂಧಪಟ್ಟ ಪುಟ ಮತ್ತು ಇಲಾಖೆಯ ಸುತ್ತೋಲೆಯ ಪ್ರತಿಯನ್ನು ಮೇಲಿಟ್ಟು, ಒಂದು ಸಾಲಿನ ಅರ್ಜಿ ಬರೆದು ಟಪಾಲು ವಿಭಾಗದಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ಮುದ್ರೆ ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ಅಂಚೆಯಲ್ಲಿ ಸ್ವೀಕೃತಿ ಸಮೇತ ಕಳಿಸಿ. ಆಸ್ಪತ್ರೆಯವರು ಮುಂದೊಂದು ದಿನ ಪತ್ರದ ಅಸಲಿತನ ನೋಡಬೇಕಾದಾಗ ಈ ನಂಬರೇ ಆಧಾರ. ಮೂಲ ಪತ್ರವನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ರಾತ್ರಿ ಎರಡು ಗಂಟೆಗೆ ಲಾಕರ್ ಯಾರು ತೆಗೆಯುತ್ತಾರೆ? ಆಸ್ಪತ್ರೆಯ ಫೈಲಿನ ಮೊದಲ ಹಾಳೆಯಾಗಿ ಇರಲಿ, ಮಕ್ಕಳ ಮೊಬೈಲಿನಲ್ಲಿ ಫೋಟೊ ಇರಲಿ.

ಪತ್ರ ಇದೆ ಎಂದಮಾತ್ರಕ್ಕೆ ಅಪಘಾತವಾದಾಗ 108ರವರು ಸುಮ್ಮನೆ ನಿಲ್ಲುವುದಿಲ್ಲ, ನಿಲ್ಲಲೂಬಾರದು. ರೋಗಿಗೆ ಅರಿವಿದ್ದರೆ ಪತ್ರದ ಪ್ರಶ್ನೆಯೇ ಏಳುವುದಿಲ್ಲ. ಬೇಡವೆಂದು ಅವರೇ ಹೇಳಬಹುದು, ಆ ಮಾತಿಗೆ ಕಾನೂನಿನ ಬೆಲೆ ಇದೆ.

ಪತ್ರವೇ ಇಲ್ಲದವರದು ದೊಡ್ಡ ಗುಂಪು. ಅವರಿಗೂ ಇದೇ ಎರಡು ಮಂಡಳಿಗಳ ದಾರಿ ತೆರೆದಿದೆ, ಹತ್ತಿರದ ಬಂಧುಗಳ ಲಿಖಿತ ಒಪ್ಪಿಗೆಯ ಮೇಲೆ. ಮೊದಲ ಮಂಡಳಿಯಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಆ ಕಾಯಿಲೆಗೆ ಸಂಬಂಧಪಟ್ಟ, ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಒಬ್ಬ ವೈದ್ಯರು, ಜೊತೆಗೆ ಮೊದಲ ಮಂಡಳಿಯಲ್ಲಿ ಇಲ್ಲದ ಬೇರೆ ಇಬ್ಬರು ತಜ್ಞರು. ಒಟ್ಟು ಆರು ಜನ. ಎರಡೂ ಮಂಡಳಿಗಳು ಆದಷ್ಟೂ ತಲಾ 48 ಗಂಟೆಯೊಳಗೆ ಅಭಿಪ್ರಾಯ ಬರೆಯಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಈ ಆರು ಜನ ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಷಿಯನ್, ಒಬ್ಬ ಅರಿವಳಿಕೆ ತಜ್ಞರು ಇದ್ದರೆ ಅದೇ ಪುಣ್ಯ. ನಿಯಮ ಎಲ್ಲರಿಗೂ ಒಂದೇ ಎಂದು ಬರೆದಿದ್ದರೂ ಅದನ್ನು ಪೂರೈಸುವ ಶಕ್ತಿ ಎಲ್ಲ ಊರಿಗೂ ಒಂದೇ ಅಲ್ಲ.

ಹಾಗಾಗಿ ಬಡವರ ಪಾಲಿಗೆ ಬಳಕೆಯಲ್ಲಿರುವುದು ಇನ್ನೊಂದು ದಾರಿ: 'ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ' ಎಂದು ಸಹಿ ಹಾಕಿ ಡಿಸ್ಚಾರ್ಜ್. ಅದರ ಮೇಲೆ ಮಂಡಳಿಯಿಲ್ಲ, ಔಷಧಿಯ ಚೀಟಿಯಿಲ್ಲ. ವೆಂಟಿಲೇಟರಿನಿಂದ ಬಿಡಿಸಿ, ಗಂಟಲಿನ ಟ್ಯೂಬಿಗೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಸಿಕ್ಕಿಸಿ, 'ಹೀಗೆ ಒತ್ತುತ್ತಾ ಇರಿ' ಎಂದು ರೋಗಿಯ ತಮ್ಮನ ಕೈಗೆ ಕೊಟ್ಟು ಆಂಬುಲೆನ್ಸಿನ ಬಾಗಿಲು ಹಾಕುತ್ತಾರೆ. ನೂರಿಪ್ಪತ್ತು ಕಿಲೋಮೀಟರ್ ದಾರಿ. ಕೈ ಸೋತರೆ ಇನ್ನೊಬ್ಬರು ಒತ್ತುತ್ತಾರೆ. ಮನೆ ಬಾಗಿಲಲ್ಲಿ ಒತ್ತುವುದನ್ನು ನಿಲ್ಲಿಸಬೇಕಾದವನು ಅದೇ ತಮ್ಮ. ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ಇದು 'ರೋಗಿಯ ಕಡೆಯವರ ಇಚ್ಛೆ'.

ಈ ಇಚ್ಛೆಯ ಹಿಂದೆ ದುಡ್ಡು ಇದೆಯೇ ಎಂದು ಮೊದಲು ಕೇಳದೆ ಮಂಡಳಿ ಕೂರಬಾರದು. ಕೀಟನಾಶಕ ಕುಡಿದವರು, ನಾಗರಹಾವು ಕಚ್ಚಿದವರು, ಗಿಲನ್-ಬಾರೆ ಎಂಬ ನರಗಳ ಕಾಯಿಲೆ ಬಂದು ಕೈಕಾಲು ಬಿದ್ದುಹೋದವರು ವೆಂಟಿಲೇಟರಿನ ಮೇಲೆ ನೋಡಲು ಸತ್ತವರಂತೆಯೇ ಇರುತ್ತಾರೆ. ಕಣ್ಣು ಬಿಡುವುದಿಲ್ಲ, ಬೆರಳು ಅಲ್ಲಾಡುವುದಿಲ್ಲ. ಆದರೆ ಇವರಲ್ಲಿ ಹೆಚ್ಚಿನವರು ಉಸಿರಿನ ಆಸರೆ ಸಿಕ್ಕರೆ ಬದುಕುವವರು. ಹಾವಿನ ವಿಷದಲ್ಲಿ ಕೆಲವೇ ದಿನ, ಗಿಲನ್-ಬಾರೆಯಲ್ಲಿ ವಾರಗಟ್ಟಲೆ ಬೇಕಾದೀತು. ಎರಡನೇ ವಾರಕ್ಕೆ ಎಮ್ಮೆ ಮಾರಿ, ಒಡವೆ ಅಡವಿಟ್ಟು ಮುಗಿಸಿದ ಮನೆಯವರು 'ಸಾಕು ಸಾರ್, ನರಳಿಸಬೇಡಿ' ಎನ್ನುತ್ತಾರೆ. ಅದು ಲಿವಿಂಗ್ ವಿಲ್ಲಿನ ಪ್ರಕರಣವೇ ಅಲ್ಲ. ನಾವು ಕೇಳುವ ಪ್ರಶ್ನೆ ನೇರ: 'ಅಮ್ಮಾ, ಇವತ್ತಿಂದ ಬಿಲ್ಲೇ ಇಲ್ಲ ಅಂದ್ಕೊಳ್ಳಿ. ಆಗಲೂ ಮಿಷನ್ ತೆಗೀರಿ ಅಂತೀರಾ?' ಉತ್ತರ ಬದಲಾದರೆ ಮಂಡಳಿ ಬೇಡ, ಸಮಾಜ ಕಾರ್ಯಕರ್ತರು ಬೇಕು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ಒಂದೂವರೆ ಲಕ್ಷದ ಮಿತಿಯಲ್ಲಿ. ಅದೂ ಸಾಲದಿದ್ದರೆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವೆಂಟಿಲೇಟರ್ ಬೆಡ್ ಖಾಲಿ ಇದೆಯೇ ಎಂದು ಫೋನ್ ಮಾಡಿ ಖಾತ್ರಿಪಡಿಸಿಕೊಂಡ ಮೇಲೆಯೇ ಸಾಗಿಸಬೇಕು. ಸಾಗಿಸಿ ಆಮೇಲೆ ಬೆಡ್ ಹುಡುಕುವುದು ಬಹಳ ಜೀವ ತಿಂದಿದೆ.

ಉತ್ತರ ಬದಲಾಗಲಿಲ್ಲ, ಕಾಯಿಲೆಯೂ ಗುಣವಾಗದ್ದೇ ಎಂದಾದಾಗ ಮಂಡಳಿಯ ಕೆಲಸ. ಟಿಪ್ಪಣಿಯಲ್ಲಿ ಮೊದಲು ಬರಬೇಕಾದ್ದು ರೋಗನಿರ್ಣಯ, ಈವರೆಗೆ ಕೊಟ್ಟ ಚಿಕಿತ್ಸೆ, ಅದು ಏಕೆ ಫಲಿಸಲಿಲ್ಲ, ಮುಂದುವರಿಸಿದರೆ ಆಗುವುದೇನು ಎಂಬುದು. ಆಮೇಲೆ ಮನೆಯವರ ಜೊತೆ ಆದ ಮಾತುಕತೆ, ಯಾರ್‍ಯಾರು ಇದ್ದರು, ಯಾವ ಭಾಷೆಯಲ್ಲಿ ಹೇಳಲಾಯಿತು. 'ಕಡೆಯವರ ಕೋರಿಕೆಯ ಮೇರೆಗೆ' ಎಂದು ಶುರುವಾಗುವ ಟಿಪ್ಪಣಿಯನ್ನು ಹಿಂದಕ್ಕೆ ಕಳಿಸಿ. ಎರಡನೇ ಮಂಡಳಿಗೆ ಹೆಸರು ಕೊಡಿ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆಯುವ ಕೆಲಸವನ್ನು ಮೊದಲ ಮಂಡಳಿ ಕೂರುವ ದಿನವೇ ಮಾಡಬೇಕು. ಹೆಸರುಗಳ ಪಟ್ಟಿ ಮೊದಲೇ ತಯಾರಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತದೆ, ರೋಗಿ ಅಷ್ಟು ದಿನ ಯಂತ್ರದ ಮೇಲೆ.

ಎರಡೂ ಮಂಡಳಿಗಳು ಒಪ್ಪಿದ ಮೇಲೆ, ನಿಲ್ಲಿಸುವುದಕ್ಕೆ ಮುಂಚೆ, ಆಸ್ಪತ್ರೆ ಆ ವ್ಯಾಪ್ತಿಯ ಪ್ರಥಮ ದರ್ಜೆ ನ್ಯಾಯಿಕ, ಅಂದರೆ ಜೆಎಂಎಫ್‌ಸಿ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದು ತಿಳಿವಳಿಕೆ ಮಾತ್ರ, ಅನುಮತಿ ಕೇಳುವ ಅರ್ಜಿಯಲ್ಲ. ಆಸ್ಪತ್ರೆಗಳ ಕಾನೂನು ವಿಭಾಗ ಇದನ್ನು ಮರೆತು ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ಕಚೇರಿಯ ಸ್ವೀಕೃತಿ ಮುದ್ರೆ ಬಿದ್ದರೆ ಮುಂದಿನ ಹೆಜ್ಜೆ ಇಡಬಹುದು. ಮಂಡಳಿ ಒಪ್ಪದಿದ್ದರೆ ಮನೆಯವರೋ ಚಿಕಿತ್ಸೆ ಕೊಡುತ್ತಿರುವ ವೈದ್ಯರೋ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.

ನಿಲ್ಲಿಸುವುದು ಸ್ವಿಚ್ ಆರಿಸುವ ಕೆಲಸವಲ್ಲ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ ಅದರ ಪರಿಣಾಮ ಪೂರ್ತಿ ಇಳಿದಿರಬೇಕು. ಇಳಿಯದೆ ಟ್ಯೂಬ್ ತೆಗೆದರೆ ರೋಗಿಗೆ ಉಸಿರುಗಟ್ಟುತ್ತಿದ್ದರೂ ಮುಖದಲ್ಲಿ ಏನೂ ಕಾಣುವುದಿಲ್ಲ. ಮೂಗಿನ ನಳಿಕೆಯ ಆಹಾರ ಕೆಲವು ಗಂಟೆ ಮೊದಲೇ ನಿಲ್ಲಬೇಕು, ಇಲ್ಲವಾದರೆ ವಾಂತಿ. ನೋವು, ಏದುಸಿರು ತಗ್ಗಿಸುವ ಮಾರ್ಫಿನ್ ಮತ್ತು ಗಾಬರಿ ಇಳಿಸುವ ಮಿಡಜೋಲಾಮ್ ಮೊದಲೇ ಕೊಟ್ಟು, ಏದುಸಿರು ಇಳಿದದ್ದನ್ನು ನೋಡಿಕೊಂಡು, ಆಮೇಲೆ ಆಕ್ಸಿಜನ್ನಿನ ಪ್ರಮಾಣವನ್ನು ಗಾಳಿಯ ಮಟ್ಟಕ್ಕೆ, ಅಂದರೆ ಶೇ. 21ಕ್ಕೆ ತಂದು, ವೆಂಟಿಲೇಟರಿನ ಒತ್ತಡ ಇಳಿಸುತ್ತಾ ಬರುವುದು. ಗಂಟಲಿನ ಕಫದ ಗೊರಗೊರ ಸದ್ದಿಗೆ ಗ್ಲೈಕೋಪೈರೊಲೇಟ್. ರೋಗಿಗಿಂತ ಹೆಚ್ಚಾಗಿ ಮನೆಯವರನ್ನು ಕಂಗೆಡಿಸುವುದು ಆ ಸದ್ದು, ಅದನ್ನು ಮೊದಲೇ ಹೇಳಿಟ್ಟಿರಬೇಕು. ಮಾನಿಟರಿನ ಅಲಾರಂ ಆರಿಸಿ, ಪರದೆ ಎಳೆದು, ಮನೆಯವರಿಗೆ ಒಳಗೆ ಕುರ್ಚಿ ಹಾಕಿ. ಬಾಯಿಗೆ ಗಂಗಾಜಲ ಬಿಡುವುದೋ, ಜಮ್‌ಜಮ್ ನೀರೋ, ಪಾದ್ರಿಯ ಪ್ರಾರ್ಥನೆಯೋ, ಅವರವರದು. ಕೆಲವರು ನಿಮಿಷಗಳಲ್ಲಿ ಹೋಗುತ್ತಾರೆ, ಕೆಲವರು ಎರಡು ಮೂರು ದಿನ ಉಸಿರಾಡುತ್ತಾರೆ. 'ತೆಗೆದ ತಕ್ಷಣ' ಎಂಬ ಮಾತನ್ನು ಯಾರೂ ಬಳಸಬಾರದು.

ಮನೆಯಲ್ಲೇ ಹೋಗಬೇಕು ಎನ್ನುವವರಿಗೆ ಬಾಯಲ್ಲಿ ಕೊಡುವ ಮಾರ್ಫಿನ್, ಮಲಬದ್ಧತೆಗೆ ಜೊತೆಗೊಂದು ಔಷಧಿ, ಕರೆದರೆ ಫೋನೆತ್ತುವ ಒಬ್ಬ ನರ್ಸ್ ಇದ್ದರೆ ಸಾಧ್ಯ. 2014ರಲ್ಲಿ ಮಾದಕವಸ್ತು ಕಾಯಿದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಹತ್ತಾರು ಲೈಸೆನ್ಸ್ ಇಲ್ಲದೆ ಮಾರ್ಫಿನ್ ಇಟ್ಟುಕೊಳ್ಳಬಹುದು. ಮಾನ್ಯತೆಗೆ ಅರ್ಜಿಯನ್ನೇ ಹಾಕದ ಆಸ್ಪತ್ರೆಗಳದ್ದೇ ಈಗ ತೊಡಕು. ಬೆಂಗಳೂರಿನಲ್ಲಾದರೆ ಕ್ಯಾನ್ಸರ್ ರೋಗಿಗಳಿಗೆ ಕಿದ್ವಾಯಿ ಇದೆ, ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವ ಕರುಣಾಶ್ರಯ ಇದೆ. ಬೇರೆ ಜಿಲ್ಲೆಯವರು ಮೊದಲು ಕೇಳಬೇಕಾದ ಪ್ರಶ್ನೆ: ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಇದೆಯೇ?

ಕೊನೆಗೆ ಉಳಿಯುವುದು ಕಾಗದ. ಮರಣ ಕಾರಣದ ಪ್ರಮಾಣಪತ್ರ ಆಸ್ಪತ್ರೆಯಲ್ಲಾದರೆ ನಮೂನೆ 4, ಮನೆಯಲ್ಲಾದರೆ 4ಎ. ಕಾರಣದ ಜಾಗದಲ್ಲಿ ಮೂಲ ಕಾಯಿಲೆಯೇ ಬರಬೇಕು, 'ವೆಂಟಿಲೇಟರ್ ತೆಗೆದದ್ದರಿಂದ' ಎಂದಲ್ಲ. ಹಾಗೆ ಬರೆದರೆ ವಿಮೆ ಕಂಪನಿಯವರ ಪ್ರಶ್ನೆಗಳಿಗೆ ಮನೆಯವರು ಉತ್ತರ ಕೊಡುತ್ತಾ ಓಡಾಡಬೇಕಾದೀತು. ಅಪಘಾತ, ವಿಷ, ಸುಟ್ಟಗಾಯದಂಥ ವೈದ್ಯ-ಕಾನೂನು ಪ್ರಕರಣ, ಅಂದರೆ ಎಂಎಲ್‌ಸಿ ಆದರೆ ಠಾಣೆಗೆ ತಿಳಿಸಿ, ಮರಣೋತ್ತರ ಪರೀಕ್ಷೆಯಾದ ಮೇಲೆಯೇ ಶವ ಸಿಗುವುದು. ಇದನ್ನು ಮಂಡಳಿ ಕೂರುವಾಗಲೇ ಹೇಳಿ, ಶವದ ಮನೆಯ ಮುಂದೆ ಅಲ್ಲ. ಖಾಸಗಿ ಆಸ್ಪತ್ರೆ ಬಾಕಿ ಬಿಲ್ಲಿಗಾಗಿ ಶವ ಇಟ್ಟುಕೊಳ್ಳುವಂತಿಲ್ಲ ಎಂದು ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯಿದೆಯಾದ ಕೆಪಿಎಂಇಯ 2017ರ ತಿದ್ದುಪಡಿ ಹೇಳುತ್ತದೆ. ಶವ ಕೊಟ್ಟು, ಹಣವನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ಬಿಲ್ಲಿಂಗ್ ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ವೈದ್ಯಕೀಯ ಅಧೀಕ್ಷಕರನ್ನೇ ಕೇಳಿ, ಒಪ್ಪದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ.